ಬಳಚಿನ ಅಕ್ಕೋರು

ಕಾರವಾರದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ ಅಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಮೀನಿನ ಸಾಲಿ ಅಂತಲ್ಲವಾ ಅದು, ಅಲ್ಲಿ ಉಣ್ಣಾಕ ಏನ್ ಕೊಡ್ತಾರ?”

ನಮ್ಮದು ಗದಗ ಜಿಲ್ಲೆ, ಶಿರಹಟ್ಟಿ ಕಡೆಯ ಹಳ್ಳಿ. ಮನೆಯೊಳಗೆ ಮೊಟ್ಟೆ ಕೂಡ ಬರುವಂತಿಲ್ಲ. ನೀರು ಅಂದರೆ ನನಗೆ ಗೊತ್ತಿದ್ದದ್ದು ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬಂದಿಳಿದರೆ ನಾವು ಮಕ್ಕಳು ಹಕ್ಕಿ ನೋಡಲು ಓಡುತ್ತಿದ್ದೆವು, ಅಪ್ಪ ಹೊಲ ಕಾಯಲು. ಸಮುದ್ರ ನೋಡಿದ್ದು 2007ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಕೋಡಿಬಾಗ ಕೇಂದ್ರಕ್ಕೆ ಅರ್ಜಿ ಹಿಡಿದು ಬಂದ ದಿನವೇ ಮೊದಲು. ಸಾಗರ ಜೀವಶಾಸ್ತ್ರ ಓದಬೇಕೆಂಬ ಕನಸು ಗಿನಸು ಇರಲಿಲ್ಲ. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಸೀಟು ತಪ್ಪಿತು, ಇದು ಸಿಕ್ಕಿತು. ಅಷ್ಟೇ.

ಮೊದಲ ಆರು ತಿಂಗಳು, ಸತ್ತ ಜೀವಿಗಳು ಕೆಡದಂತೆ ಹಾಕಿಡುವ ಫಾರ್ಮಾಲಿನ್ ವಾಸನೆಗೂ ಮೆಸ್ಸಿನ ಬಂಗಡೆ ಸಾರಿನ ವಾಸನೆಗೂ ವ್ಯತ್ಯಾಸವೇ ತಿಳಿಯದೆ ಕಳೆದವು. ಆಮೇಲೆ ಮೂಗು ಸೋತಿತು, ಕಣ್ಣು ಗೆದ್ದಿತು. ಕಾಳಿ ನದಿ ಕಡಲು ಸೇರುವ ಜಾಗದ ಒಂದು ತೊಟ್ಟು ನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ, ಗಾಜಿನ ಪೆಟ್ಟಿಗೆಯಂತಹ ಡಯಾಟಮ್‌ಗಳು, ಕುಪ್ಪಳಿಸುವ ಕೋಪಿಪಾಡ್‌ಗಳು, ಮುಂದೆ ಏಡಿಯಾಗಲಿದ್ದ ಮುಳ್ಳುಮುಳ್ಳಿನ ಮರಿಯೊಂದು. ಆವತ್ತು ರಾತ್ರಿ ಹಾಸ್ಟೆಲ್ಲಿನ ಕಾಯಿನ್ ಫೋನಿನಿಂದ ಅಪ್ಪನಿಗೆ ಅದನ್ನೆಲ್ಲ ಹೇಳಲು ಹೋದೆ. ಯಾವುದಕ್ಕೂ ನನ್ನ ಬಳಿ ಕನ್ನಡದ ಮಾತಿರಲಿಲ್ಲ. “ಹುಳ ಅದಾವೇನ ನೀರಾಗ?” ಅಂದರು ಅಪ್ಪ. ಹೂಂ ಅಂದು ಫೋನಿಟ್ಟೆ.

2010ರಲ್ಲಿ ಒಂದು ಸಂಶೋಧನಾ ಯೋಜನೆಯಲ್ಲಿ ಕೆಲಸ ಸಿಕ್ಕಿತು. ತಿಂಗಳಿಗೆ 8,000 ರೂಪಾಯಿ, ಅದೂ ಮೂರು ತಿಂಗಳಿಗೊಮ್ಮೆ ಒಟ್ಟಿಗೆ. ಕೆಲಸದ ಜಾಗ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ತದಡಿಯ ಹತ್ತಿರ ಕಡಲಿಗೆ ಸೇರುವ ಈ ನದಿಗೆ ಎಲ್ಲಿಯೂ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಅಳಿವೆ ಹೆಚ್ಚುಕಡಿಮೆ ಸಿಹಿನೀರಾಗುತ್ತದೆ, ಮೇ ತಿಂಗಳಲ್ಲಿ ಕಡಲಿನಷ್ಟೇ ಉಪ್ಪು. ಈ ಏರುಪೇರಿನ ನಡುವೆ ಕೆಸರಿನಡಿ ಬದುಕುವುದು ಬಳಚು, ಎರಡು ಚಿಪ್ಪುಗಳ ನಡುವೆ ಇರುವ ಮೆತ್ತಗಿನ ಜೀವಿ. ಕೊಂಕಣಿಯವರ ತಿಸರೆ, ತುಳುವರ ಮರುವಾಯಿ ಇದರದೇ ಬಳಗ. ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು ಬರುತ್ತದೆ, ಎರಡು ಸಾವಿರಕ್ಕೂ ಹೆಚ್ಚು ಜನ ಅದರಿಂದ ದುಡಿಯುತ್ತಾರೆ ಎಂದು ಲೆಕ್ಕ ಹಾಕಿತ್ತು. ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರ ತರುತ್ತೇವೆ ಎಂದಾಗ ಇಲ್ಲಿನವರು ಯಾಕೆ ಅಷ್ಟು ಜೋರಾಗಿ ಎದ್ದು ನಿಂತರು ಅನ್ನುವುದು ಆ ಲೆಕ್ಕ ಓದಿದ ಮೇಲೆ ನನಗೆ ಅರ್ಥವಾಯಿತು.

ಕೆಲಸ ಹೇಗಿತ್ತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸಾಗರ ವಿಜ್ಞಾನಿ ಅಂದರೆ ಜನ ಡಾಲ್ಫಿನ್ ಪಕ್ಕ ಈಜುವವರನ್ನು ಕಲ್ಪಿಸಿಕೊಳ್ಳುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮ ಕಡೆ ನೀರು ತೀರಾ ಇಳಿಯುವುದು ನಸುಕಿಗೆ. ಹಾಗಾಗಿ ನಾಲ್ಕು ಗಂಟೆಗೆ ಎದ್ದು, ಹೆಗಲಿಗೆ ಜರಡಿ, ಕೈಯಲ್ಲಿ ಬಕೆಟ್, ಕುಮಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಚೌಕಟ್ಟು. ಅಳತೆ 25 ಸೆಂಟಿಮೀಟರ್‌ಗೆ 25. ಅದನ್ನು ಕೆಸರಿನ ಮೇಲೆ ಎಸೆಯುವುದು, ಒಳಗಿನ ಮಣ್ಣನ್ನು ಗೇಣುದ್ದ ಅಗೆದು ತೆಗೆಯುವುದು, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆಯುವುದು, ಉಳಿದದ್ದನ್ನು ಡಬ್ಬಿಗೆ ಹಾಕಿ ಫಾರ್ಮಾಲಿನ್ ಹೊಯ್ಯುವುದು. ಇಂಥವು ಹದಿನೈದು ಡಬ್ಬಿ ತುಂಬುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿರುತ್ತದೆ. ಕೆಸರು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಕಲ್ಲಿಗಂಟಿದ ಕಲ್ವದ ಚಿಪ್ಪಿಗೆ ಕಾಲು ತಗುಲಿತೋ, ಬ್ಲೇಡು ಎಳೆದ ಹಾಗೆ. ನನ್ನ ಎಡಪಾದದಲ್ಲಿ ಈಗಲೂ ಮೂರು ಗೀರುಗಳಿವೆ.

ಮೊದಲ ದಿನ ನಾನು ಚೌಕಟ್ಟು ಎಸೆದೆಡೆಯೆಲ್ಲ ಬರಿ ಮಣ್ಣು. ಪಕ್ಕದಲ್ಲಿ ಬಳಚು ಆರಿಸುತ್ತಿದ್ದ ಹೆಂಗಸರು ನಗುತ್ತಿದ್ದರು. ಅವರಲ್ಲೊಬ್ಬರು, ಅರವತ್ತು ದಾಟಿದವರು, ನಾನು ಅಜ್ಜಿ ಎಂದೇ ಕರೆಯುವುದು, ನನ್ನ ಕೈ ಹಿಡಿದು ಬಗ್ಗಿಸಿದರು. “ಇಲ್ಲಿ ನೋಡಿ ಅಕ್ಕೋರೆ, ಕಣ್ಣು ಕಾಣ್ತದ್ಯಾ?” ಕೆಸರಿನ ಮೇಲೆ ಸಾಸಿವೆಯಷ್ಟು ಅಗಲದ ಎರಡು ತೂತು, ಒಂದಕ್ಕೊಂದು ಅಂಟಿಕೊಂಡು, ಹಳೆಯ ಬೀಗದ ಕೀಲಿಕಂಡಿಯ ಹಾಗೆ. ಬಳಚು ಒಂದು ನಳಿಕೆಯಿಂದ ನೀರೆಳೆದುಕೊಂಡು ಇನ್ನೊಂದರಿಂದ ಬಿಡುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆ. ಆ ಚಿತ್ರದ ಮೇಲಿನ ತುದಿ ಹೊರಗಿನಿಂದ ಹೀಗೆ ಕಾಣುತ್ತದೆ ಎಂದು ಯಾರೂ ಹೇಳಿರಲಿಲ್ಲ. ನೀರು ಸೊಂಟದವರೆಗೆ ಇದ್ದಾಗ ಅಜ್ಜಿಗೆ ಕಣ್ಣೂ ಬೇಡ, ಹೆಬ್ಬೆರಳು ಸಾಕು. ಕಾಲಲ್ಲಿ ತಡವಿ, ಬೆರಳಲ್ಲಿ ಒತ್ತಿ ಹಿಡಿದು, ಮುಳುಗಿ ತೆಗೆಯುತ್ತಿದ್ದರು. ಕಪ್ಪು ಬಳಚು ಎಂಬ ಇನ್ನೊಂದು ಜಾತಿ ನದಿಯ ಮೇಲ್ಗಡೆ ನೀರು ಚಪ್ಪೆ ಇರುವಲ್ಲಿ, ನಾವು ಆರಿಸುತ್ತಿದ್ದ ಇದು ಉಪ್ಪಿರುವ ಕೆಳಗಡೆ ಎಂಬುದನ್ನು ಕೂಡ ಅಜ್ಜಿ ಮೊದಲ ವಾರವೇ ಹೇಳಿದ್ದರು. ನಾನು ಅದನ್ನು ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಹಿಡಿದು ಎರಡು ವರ್ಷ ಅಳೆದು, ಪಿಎಚ್.ಡಿ. ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಬರೆದೆ.

ಪ್ರಯೋಗಾಲಯದ ದಿನಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಗುಲಾಬಿ ಬಣ್ಣ ಹಾಕಿದ ಮಣ್ಣಿನಿಂದ ಚಿಮಟದಲ್ಲಿ ಹುಳ ಆರಿಸುವುದು, ಬಳಚಿನ ಉದ್ದವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯುವುದು, ಬರೆದುಕೊಳ್ಳುವುದು. ಮದುವೆ ಯಾವಾಗ ಎಂದು ಕೇಳುವವರಿಗೆ ಉತ್ತರಿಸದಿರುವುದು.

ಪೆಟ್ಟು ಬಿದ್ದದ್ದು 2013ರಲ್ಲಿ. ಒಂದು ವಿಚಾರಸಂಕಿರಣದಲ್ಲಿ ನನ್ನ ಪ್ರಬಂಧ ಓದಿ ಹೊರಬಂದಾಗ ಪತ್ರಿಕೆಯವರೊಬ್ಬರು ಸಿಕ್ಕರು. ಬಳಚು ಕಡಿಮೆಯಾಗುತ್ತಿದೆಯೇ, ಯಾಕೆ ಎಂದು ಕೇಳಿದರು. ಖುಷಿಯಾಯಿತು. ನಮ್ಮ ಕೆಲಸದ ಬಗ್ಗೆ ಕನ್ನಡದಲ್ಲಿ ಕೇಳಿದ ಮೊದಲ ವ್ಯಕ್ತಿ! ಮೂರು ಕಾರಣ ಹೇಳಿದೆ. ಅಳಿವೆಯ ತಳ ಬಗೆದು ಹಳೆಯ ಚಿಪ್ಪು, ಮರಳು ತೆಗೆಯುವುದು. ಕೆಲವು ವರ್ಷ ಒಮ್ಮೆಲೇ ನುಗ್ಗುವ ಮಳೆನೀರಿಗೆ ಮರಿಗಳು ಸಾಯುವುದು. ಮೂರನೆಯದು, ಒಮ್ಮೆಯೂ ಮೊಟ್ಟೆ ಬಿಡದ ಎಳೆಯ ಬಳಚನ್ನೇ ಆರಿಸುವುದು. ಎರಡು ದಿನ ಬಿಟ್ಟು ಬಂದ ಸುದ್ದಿಯ ತಲೆಬರಹದಲ್ಲಿ ಬಳಚಿನ ನಾಶಕ್ಕೆ ಆರಿಸುವವರೇ ಕಾರಣ ಎಂದಿತ್ತು, ಪಕ್ಕದಲ್ಲಿ ‘ಸಂಶೋಧಕಿ’ ಅಂತ ನಾನು. ಮೊದಲೆರಡು ಕಾರಣ ಜಾಗ ಸಾಲದೆ ಹೋಗಿತ್ತೋ, ಇನ್ನೇನೋ.

ಮುಂದಿನ ಅಮಾವಾಸ್ಯೆಗೆ ದೋಣಿಯ ಹತ್ತಿರ ಹೋದರೆ, “ಇವತ್ತು ಜಾಗ ಇಲ್ಲ” ಅಂದರು. ದೋಣಿಯಲ್ಲಿ ಇದ್ದದ್ದು ನಾಲ್ಕು ಜನ. ಅಜ್ಜಿ ಅಲ್ಲೇ ಕೂತಿದ್ದರು, ನನ್ನನ್ನು ನೋಡಲಿಲ್ಲ. ಒಬ್ಬಳು ಹುಡುಗಿ ಮಾತ್ರ ಹೇಳಿಯೇಬಿಟ್ಟಳು: “ನಿಮ್ಗೆ ಬಳಚಿನ ಕಣ್ಣು ತೋರ್ಸ್ಕೊಟ್ಟಿದ್ದು ನಾವು. ನೀವು ನಮ್ದೇ ಹೆಸ್ರು ಪೇಪರಿಗೆ ಹಾಕಿದ್ರಿ.”

ಮೂರು ತಿಂಗಳು ನಾನು ಇನ್ನೊಂದು ದಡದಿಂದ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಟ್ಟೆಯ ಮೇಲೆ ನಡೆದು, ಒಬ್ಬಳೇ ಕೆಸರಿಗಿಳಿದೆ. ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ, ಬರಲಿಲ್ಲ. ಮಾರ್ಗದರ್ಶಕರಿಗೆ ಹೇಳಿದರೆ, ಪ್ರಬಂಧ ಮುಗಿಸು, ಪತ್ರಿಕೆಯವರ ಸಹವಾಸ ಯಾಕೆ ಬೇಕಿತ್ತು ಅಂದರು. ಅವರ ಮಾತು ತಪ್ಪು ಅನಿಸಲಿಲ್ಲ, ಆದರೆ ಹಾಗೆ ಬಿಟ್ಟು ಎದ್ದುಹೋಗಲು ಕಾಲೇ ಬರಲಿಲ್ಲ.

ಕೊನೆಗೊಂದು ಭಾನುವಾರ ಅಜ್ಜಿಯ ಮನೆಗೆ ಹೋದೆ. ಕ್ಷಮೆ ಕೇಳುವ ಮಾತನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ, ಅಂಗಳದಲ್ಲಿ ಮರೆತುಹೋಯಿತು. ಚೀಲದಲ್ಲಿದ್ದ ಚಿಪ್ಪುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದೆ, ಸಣ್ಣದರಿಂದ ದೊಡ್ಡದಕ್ಕೆ. ಇದಕ್ಕಿಂತ ಚಿಕ್ಕದು ಇನ್ನೂ ಮೊಟ್ಟೆ ಬಿಟ್ಟಿಲ್ಲ ಅಂತ ಒಂದರ ಮೇಲೆ ಬೆರಳಿಟ್ಟೆ. ಅಜ್ಜಿ ಒಂದಷ್ಟು ಹೊತ್ತು ನೋಡಿ, “ಅದು ನಮ್ಗೆ ಗೊತ್ತಿಲ್ದೆ ಅಲ್ಲ. ಗೋವಾ ಗಾಡಿಯವ ಬುಟ್ಟಿ ಲೆಕ್ಕಕ್ಕೆ ದುಡ್ಡು ಕೊಡ್ತಾ. ದೊಡ್ಡದಾದ್ರೂ ಅಷ್ಟೇ, ಸಣ್ಣದಾದ್ರೂ ಅಷ್ಟೇ. ಮತ್ತೆಂತ ಮಾಡೂದು?” ಅಂದರು.

ಮೂರು ವರ್ಷ ನಾನು ಉದ್ದ ಅಳೆದಿದ್ದೆ, ತೂಕ ಅಳೆದಿದ್ದೆ, ಉಪ್ಪು ಅಳೆದಿದ್ದೆ. ಬೆಲೆ ಕೇಳಿರಲಿಲ್ಲ. ಸಣ್ಣ ಬಳಚು ಯಾಕೆ ಬುಟ್ಟಿಗೆ ಬೀಳುತ್ತದೆ ಎನ್ನುವುದರ ಉತ್ತರ ಗೋವಾದ ಗಾಡಿಯಲ್ಲಿತ್ತು. ಪ್ರಬಂಧದಲ್ಲಿ ಅದಕ್ಕೊಂದು ಪ್ಯಾರಾ ಸೇರಿಸಿದೆ. ಪರೀಕ್ಷಕರೊಬ್ಬರು ಅದನ್ನು ಜೀವಶಾಸ್ತ್ರವಲ್ಲ ಎಂದು ತೆಗೆಸಿದರು.

ಪ್ರಬಂಧ ಸಲ್ಲಿಸಿದ ವರ್ಷ ಕೇರಳದ ಅಷ್ಟಮುಡಿ ಹಿನ್ನೀರಿನ ಸುದ್ದಿ ಬಂತು. ಅಲ್ಲಿಯೂ ಇದೇ ಬಳಚು, ವಿಜ್ಞಾನದ ಹೆಸರು ಪಾಫಿಯಾ ಮಲಬಾರಿಕಾ. ಮಿತಿಮೀರಿ ತೆಗೆದು ಕುಸಿದಿದ್ದನ್ನು, ಮೊಟ್ಟೆ ಬಿಡುವ ಡಿಸೆಂಬರಿನಿಂದ ಫೆಬ್ರುವರಿವರೆಗೆ ತೆಗೆಯುವುದನ್ನೇ ನಿಲ್ಲಿಸಿ, ಬಲೆಯ ಕಣ್ಣು ದೊಡ್ಡದು ಮಾಡಿ ಎಬ್ಬಿಸಿದ್ದರು. 2014ರಲ್ಲಿ ಅದು, ಕಡಲನ್ನು ಬರಿದು ಮಾಡದೆ ಹಿಡಿಯುವವರಿಗೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಕೊಡುವ ಎಂ.ಎಸ್.ಸಿ. ಮುದ್ರೆ ಪಡೆದ ಭಾರತದ ಮೊದಲ ಮೀನುಗಾರಿಕೆಯಾಯಿತು. ಇದನ್ನು ಹೆಂಗಸರ ಸಂಘದಲ್ಲಿ ಹೇಳಿದೆ. “ಮೂರು ತಿಂಗ್ಳು ಬಂದ್ ಮಾಡಿದ್ರೆ ಒಲೆ ಉರಿಯೂದ್ ಹೇಗೆ?” ಎಂದು ಹಿಂದಿನಿಂದ ಯಾರೋ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲ ಅಂದೆ. ನಮ್ಮ ಅಳಿವೆಯ ಒಂದು ಜಾಗದಲ್ಲಿ ಸಣ್ಣದನ್ನು ವಾಪಸ್ ಎಸೆಯುವುದು ಅಂತ ಕೆಲವರು ಒಪ್ಪಿದರು. ಎಲ್ಲರೂ ಅಲ್ಲ. ಈಗಲೂ ಎಲ್ಲರೂ ಅಲ್ಲ.

ಆ ಪತ್ರಿಕೆಯ ಪ್ರಸಂಗದಿಂದ ನಾನು ಬರೆಯುವುದನ್ನು ಬಿಡಬೇಕಿತ್ತು, ಆಗಿದ್ದು ಉಲ್ಟಾ. ಇನ್ನೊಬ್ಬರು ನನ್ನ ಮಾತನ್ನು ಕತ್ತರಿಸುವ ಬದಲು ನಾನೇ ಬರೆಯುತ್ತೇನೆ ಎಂಬ ಹಟ ಬಂತು. ಹಟವೇನೋ ಇತ್ತು, ಕನ್ನಡ ಎಲ್ಲಿತ್ತು? ಮೊದಲ ಲೇಖನದಲ್ಲಿ ‘ದ್ವಿಕವಾಟ ಮೃದ್ವಂಗಿಗಳು’ ಎಂದು ಬರೆದೆ. ಅಪ್ಪ ಓದಿ, “ಕವಾಟ ಅಂದ್ರ ಬಾಗಲಾ. ಎರಡು ಬಾಗಲಾ ಇರೂ ಮನಿ ಬಗ್ಗೆ ಬರದೀಯೇನ?” ಅಂದರು. ಆಕಾಶವಾಣಿಯಲ್ಲಿ ಮಾತಾಡಲು ಹೋದಾಗ ‘ಪ್ಲವಕ’ ಅಂದೆ, ಎದುರಿಗೆ ಕೂತವರು ಧ್ವನಿಮುದ್ರಣ ನಿಲ್ಲಿಸಿ, “ಮೇಡಂ, ಅದು ಗಿಡವಾ, ಔಷಧಿಯಾ?” ಎಂದು ಕೇಳಿದರು. ತೇಲುವ ಸಣ್ಣ ಜೀವಿಗಳು ಎಂದು ತಿದ್ದಿ ಹೇಳಿದೆ. ಅದಾದ ಮೇಲೆ ಒಂದು ನೋಟ್‌ಬುಕ್ಕು ಇಟ್ಟೆ. ಬಳಚು, ಕಲ್ವ, ಕಾಂಡ್ಲಾ, ನೊಗಲಿ, ಭರತ, ಇಳಿತ, ಅಳಿವೆ, ಗಜನಿ, ಕಗ್ಗ. ಪದ ಯಾರು ಹೇಳಿದರು, ಯಾವ ಊರಿನಲ್ಲಿ, ಅದಕ್ಕೆ ವಿಜ್ಞಾನದ ಹೆಸರು ಏನು. ಈಗ ಅದು ಆರನೆಯ ನೋಟ್‌ಬುಕ್ಕು. ನನ್ನ ಪ್ರಬಂಧಕ್ಕಿಂತ ಅದೇ ಹೆಚ್ಚು ಬಾಳುತ್ತದೆ ಎಂದು ನನ್ನ ಗುಮಾನಿ.

ಶಾಲೆಗಳಿಗೆ ಹೋಗತೊಡಗಿದೆ. ಎರಡು ಗಾಜಿನ ಭರಣಿಯಲ್ಲಿ ಅಳಿವೆಯ ಕದಡು ನೀರು ತುಂಬಿ ಒಂದರಲ್ಲಿ ಹತ್ತು ಬಳಚು ಹಾಕಿಟ್ಟರೆ, ಒಂದೆರಡು ಗಂಟೆಯಲ್ಲಿ ಅದು ತಿಳಿಯಾಗುತ್ತದೆ, ಇನ್ನೊಂದು ಹಾಗೇ ಇರುತ್ತದೆ. ಬಳಚು ನೀರನ್ನು ಸೋಸಿಯೇ ಉಣ್ಣುವುದು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟವಿಲ್ಲ. ಘಟ್ಟದ ಮೇಲಿನ ಒಂದು ಶಾಲೆಗೆ ಹೋದಾಗ ಮಾತ್ರ ಅಳಿವೆಯ ನೀರಿನ ಕ್ಯಾನು ಬಸ್ಸಿನಲ್ಲಿ ಉರುಳಿ ಚೆಲ್ಲಿತು. ಶಾಲೆಯ ನಲ್ಲಿ ನೀರಿಗೆ ಮಣ್ಣು ಕದಡಿ ಹಾಕಿದೆ, ಉಪ್ಪಿನ ನೆನಪೇ ಆಗಲಿಲ್ಲ. ಬಳಚುಗಳು ಬಾಯಿ ಮುಚ್ಚಿದವು ಮುಚ್ಚಿದವೇ. ಎರಡು ತಾಸಾದರೂ ಎರಡು ಭರಣಿಯೂ ಕೆಂಪು. “ಟೀಚರ್, ಅವು ಸತ್ತಾವಾ?” ಮಕ್ಕಳು ನಗಲು ಶುರುಮಾಡಿದರು. ಆಗ ಹೊಳೆಯಿತು. ಮಳೆಗಾಲದಲ್ಲಿ ನದಿ ಸಿಹಿಯಾದಾಗ ಬಳಚು ಇದನ್ನೇ ಮಾಡುವುದು, ಬಾಗಿಲು ಹಾಕಿಕೊಂಡು ಕಾಯುವುದು. ಸಿಹಿನೀರು ತೀರಾ ದಿನ ನಿಂತರೆ ಒಳಗೇ ಸಾಯುವುದು. ಮಧ್ಯಾಹ್ನದ ಊಟದವರಿಂದ ಉಪ್ಪು ತಂದು ಸ್ವಲ್ಪ ಸ್ವಲ್ಪ ಹಾಕಿದೆವು. ಗಂಟೆ ಹೊಡೆಯುವ ಹೊತ್ತಿಗೆ ಒಂದೇ ಒಂದು ಬಳಚು ಎಳ್ಳಿನಷ್ಟು ಬಾಯಿ ಬಿಟ್ಟಿತು. ಇಡೀ ಏಳನೇ ತರಗತಿ ಭರಣಿಗೆ ಮೂಗು ಒತ್ತಿ ನಿಂತಿತ್ತು.

2017ರಲ್ಲಿ ಮುಂಬೈಯಲ್ಲಿ ಕೆಲವರು ‘ಮರೈನ್ ಲೈಫ್ ಆಫ್ ಮುಂಬೈ’ ಅಂತ ಮಾಡಿಕೊಂಡು, ಇಳಿತದ ಹೊತ್ತಿಗೆ ಜನರನ್ನು ಕರೆದೊಯ್ದು ಕಡಲದಂಡೆಯ ಜೀವಿಗಳನ್ನು ತೋರಿಸಲು ಶುರುಮಾಡಿದರು. ಅಂಥ ಮಹಾನಗರದ ಬಂಡೆಗಳಲ್ಲೇ ಅಷ್ಟು ಸಿಗುವುದಾದರೆ ನಮ್ಮಲ್ಲಿ ಯಾಕಿಲ್ಲ ಅನ್ನಿಸಿ ಕುಮಟೆಯ ವನ್ನಳ್ಳಿ ಬಂಡೆಗಳ ಮೇಲೆ ನಾನೂ ಶುರುಮಾಡಿದೆ. ಮೊದಲ ನಡಿಗೆಗೆ ಬಂದವರು ಐದು ಜನ, ಅದರಲ್ಲಿ ಇಬ್ಬರು ದಾರಿ ತಪ್ಪಿದ ಪ್ರವಾಸಿಗರು. ಕಡಲ ಹೂವು, ಬಂಡೆಗೆ ಕಚ್ಚಿಕೊಂಡ ಬಾರ್ನಕಲ್, ಬೇರೆಯವರ ಚಿಪ್ಪು ಹೊತ್ತು ಓಡುವ ಸನ್ಯಾಸಿ ಏಡಿ ಇವನ್ನೆಲ್ಲ ತೋರಿಸುತ್ತಾ ಹೋದಂತೆ ಪ್ರತಿಯೊಂದಕ್ಕೂ ಅದೇ ಪ್ರಶ್ನೆ: “ಇದನ್ನ ತಿನ್ನಬಹುದಾ?” ಮೊದಲು ಸಿಟ್ಟು ಬರುತ್ತಿತ್ತು. ಈಗ ಅದರಿಂದಲೇ ಶುರುಮಾಡುತ್ತೇನೆ. ಇದು ತಿನ್ನಬಹುದು, ಇದು ತಿಂದರೆ ಆಸ್ಪತ್ರೆ, ಈ ಶಂಕು ಆಕಾರದ ಚಿಪ್ಪನ್ನು ಮುಟ್ಟಲೂ ಬೇಡಿ, ಒಳಗಿನ ಹುಳಕ್ಕೆ ವಿಷದ ಸೂಜಿ ಇದೆ. ಜನ ಕಿವಿ ನೆಟ್ಟಗೆ ಮಾಡುತ್ತಾರೆ. “ನೀವು ತಿಂದು ನೋಡಿದ್ದೀರಾ?” ಅಂದರೆ ಮಾತ್ರ ನಾನು ಶಿರಹಟ್ಟಿ ಕಡೆಯವಳು ಅನ್ನುತ್ತೇನೆ.

ಇನ್ನೊಂದು ತಲೆನೋವು ‘ತಿಮಿಂಗಿಲದ ವಾಂತಿ’. ಲೇಖನದ ಕೊನೆಗೆ ಒಮ್ಮೆ ಫೋನ್ ನಂಬರ್ ಕೊಟ್ಟ ತಪ್ಪಿಗೆ, ಅಂಬರ್‌ಗ್ರೀಸ್ ಸಿಕ್ಕಿದೆ, ಕೋಟಿ ಬೆಲೆಯಂತೆ, ನೋಡಿ ಹೇಳಿ ಎಂದು ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಫೋಟೋ ಬರುತ್ತವೆ. ಇಷ್ಟು ವರ್ಷದಲ್ಲಿ ಬಂದವು ಮೇಣದ ಗಡ್ಡೆ, ಕೊಬ್ಬಿನ ಉಂಡೆ, ಒಮ್ಮೆ ಥರ್ಮಾಕೋಲು. ಅಂಬರ್‌ಗ್ರೀಸ್ ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಆಗುವುದು, ನಮ್ಮ ವನ್ಯಜೀವಿ ಕಾಯ್ದೆಯಡಿ ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ, ನಿಜವಾಗಿ ಸಿಕ್ಕರೆ ಅರಣ್ಯ ಇಲಾಖೆಗೆ ಕೊಡಿ ಎಂದು ಒಂದು ಸಂದೇಶ ಟೈಪ್ ಮಾಡಿ ಇಟ್ಟುಕೊಂಡಿದ್ದೇನೆ. ಅಂಟಿಸಿ ಕಳಿಸುತ್ತೇನೆ, ಮಲಗುತ್ತೇನೆ.

ಇದರಿಂದೆಲ್ಲ ಹೊಟ್ಟೆ ತುಂಬುತ್ತದಾ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮರೆಮಾಚುವುದಿಲ್ಲ. ಪಿಎಚ್.ಡಿ. ನಂತರ ಎರಡು ಯೋಜನೆಗಳಲ್ಲಿ ಗುತ್ತಿಗೆ, ಆಮೇಲೆ ಅತಿಥಿ ಉಪನ್ಯಾಸಕಿ. ಕಾಯಂ ಹುದ್ದೆಯ ಸಂದರ್ಶನವೊಂದರಲ್ಲಿ ನನ್ನ ಕನ್ನಡ ಲೇಖನಗಳ ಕಡತವನ್ನು ಒಬ್ಬರು ಅಂಗೈಯಲ್ಲಿ ತೂಗಿ ನೋಡಿ, “ಇದಕ್ಕೆ ಅಂಕ ಇಲ್ಲ, ಗೊತ್ತಲ್ಲ?” ಎಂದು ಮೇಜಿನ ಆಚೆ ತುದಿಗೆ ಸರಿಸಿದರು. ಗೊತ್ತಿತ್ತು. ಸಂಶೋಧನಾ ನಿಯತಕಾಲಿಕದಲ್ಲಿ ಬಂದ ನಾಲ್ಕು ಪ್ರಬಂಧಗಳಿಗೆ ಅಂಕ ಸಿಕ್ಕಿತು, ಹುದ್ದೆ ಸಿಗಲಿಲ್ಲ. ಅವತ್ತು ಬಸ್ಸಿನಲ್ಲಿ ಅತ್ತಿದ್ದೇನೆ. ಸಂಶೋಧನೆಗೆ ಬರುವ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಪ್ರಬಂಧ ಬಿಟ್ಟು ಲೇಖನ ಬರೆಯಬೇಡಿ. ಅಳೆದದ್ದು ಗಟ್ಟಿ ಇದ್ದರೆ ಮಾತ್ರ ಹೇಳುವುದಕ್ಕೆ ಏನಾದರೂ ಇರುತ್ತದೆ. ಮತ್ತೆ, ಯಾರ ಬಗ್ಗೆ ಬರೆದಿರೋ ಅವರಿಗೆ ಅಚ್ಚಿಗೆ ಹೋಗುವ ಮೊದಲು ಓದಿ ಹೇಳಿ. ನಾನು ಬಳಚಿನ ಬಗ್ಗೆ ಬರೆದದ್ದನ್ನೆಲ್ಲ ಅಜ್ಜಿಯ ಅಂಗಳದಲ್ಲಿ ಜೋರಾಗಿ ಓದಿಯೇ ಕಳಿಸುವುದು. ಅಜ್ಜಿ ಅರ್ಧಕ್ಕೆ ನಿದ್ದೆ ಹೋದರೆ ಆ ಅರ್ಧ ಕತ್ತರಿ.

2024ರ ಜನವರಿ ಕೊನೆಯಲ್ಲಿ ಅಪ್ಪನ ಫೋನು ಬಂತು. “ಟಿವಿಯಾಗ ನಮ್ಮ ಮಾಗಡಿ ಕೆರಿ ಬಂದೈತಿ, ನಿಮ್ಮ ಹೊಳಿನೂ ಬಂದೈತಿ, ಎರಡೂ ಒಂದs ಪಟ್ಟಿಯೊಳಗ!” ರಾಮ್ಸರ್ ಪಟ್ಟಿ. ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಅಘನಾಶಿನಿ ಅಳಿವೆ, ಮೂರೂ ಒಟ್ಟಿಗೆ. ಅದಕ್ಕೂ ಮೊದಲು ಕರ್ನಾಟಕದಿಂದ ಇದ್ದದ್ದು ರಂಗನತಿಟ್ಟು ಒಂದೇ. ಎಂದೂ ಕಡಲು ನೋಡದ ಅಪ್ಪನಿಗೆ ನಾನು ಹದಿನೇಳು ವರ್ಷ ಏನು ಮಾಡುತ್ತಿದ್ದೆ ಅನ್ನುವುದು ಆ ದಿನ ಒಂದು ತೆರನಾಗಿ ತಿಳಿಯಿತೆಂದು ಕಾಣುತ್ತದೆ. ಊರಲ್ಲಿ ಎರಡು ದಿನ ಅದನ್ನೇ ಹೇಳಿಕೊಂಡು ಓಡಾಡಿದರಂತೆ.

ಅದೇ ವಾರ ಅಜ್ಜಿಯ ಮೊಮ್ಮಗನ ಫೋನಿನಿಂದ ಇನ್ನೊಂದು ಕರೆ. ಹಿಂದಿನಿಂದ ನಾಲ್ಕೈದು ಹೆಂಗಸರ ಗದ್ದಲ. “ಅಕ್ಕೋರೆ, ಯಾರೋ ರಾಮ ಸರ್ ಅಂತೆ, ಅವ್ರು ಬಂದು ಬಳಚು ತೆಗೂಕೆ ಬಿಡೂದಿಲ್ಲ ಅಂತಾರಂತೆ, ಹೌದಾ?”

ಮರುದಿನವೇ ತದಡಿಯ ಬಾರ್ಜು ಹತ್ತಿದೆ. ಅಂಗಳದಲ್ಲಿ ಹದಿನೆಂಟು ಜನ ಸೇರಿದ್ದರು. ರಾಮ್ಸರ್ ಅಂದರೆ ಮನುಷ್ಯ ಅಲ್ಲ, ಊರು. ಇರಾನ್ ದೇಶದಲ್ಲಿ, ಕ್ಯಾಸ್ಪಿಯನ್ ಅನ್ನುವ ಸಮುದ್ರದ ದಂಡೆಯಲ್ಲಿದೆ. 1971ರಲ್ಲಿ ಅಲ್ಲಿ ಹಲವು ದೇಶದವರು ಕೂತು ಜೌಗು, ಕೆರೆ, ಅಳಿವೆಗಳನ್ನು ಕಾಯ್ದುಕೊಳ್ಳೋಣ ಅಂತ ಒಪ್ಪಂದ ಮಾಡಿಕೊಂಡರು. ಅದರಲ್ಲಿ ಜಾಗವನ್ನು ಹಾಳು ಮಾಡದೆ ಬಳಸುವ ಮಾತಿದೆಯೇ ಹೊರತು ಬಳಚು ಆರಿಸಬಾರದು ಅಂತಿಲ್ಲ ಎಂದು, ತೋಚಿದಷ್ಟು ನಿಧಾನ ಹೇಳಿದೆ. ಮುಂದೆ ಯಾವ ಸಾಹೇಬರು ಯಾವ ನಿಯಮ ತರುತ್ತಾರೋ ಅದು ನನ್ನ ಕೈಯಲ್ಲಿಲ್ಲ, ಬಂದರೆ ಓದಿ ಹೇಳುತ್ತೇನೆ ಅಂತಲೂ ಅಂದೆ. ಹಿಂದೆ ದೋಣಿಯಲ್ಲಿ ಬೈದಿದ್ದ ಹುಡುಗಿ, ಈಗ ಎರಡು ಮಕ್ಕಳ ತಾಯಿ, ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಒಳ್ಳೆಯದೇ ಆಯಿತು.

ಅಜ್ಜಿ ಎಲೆಯಡಿಕೆ ಉಗಿದು ಬಂದು ಕೇಳಿದರು:

“ಆ ಊರಲ್ಲೂ ಬಳಚು ಇರ್ತದ್ಯಾ?”

“ಇರ್ತದೆ ಅಜ್ಜಿ. ಬೇರೆ ಜಾತಿ, ಸಣ್ಣವು.”

“ತಿಂತಾರಾ?”

ಅದನ್ನಿನ್ನೂ ಹುಡುಕುತ್ತಿದ್ದೇನೆ.